ಮಚ್ಚೆಯ ವರದಿಯಲ್ಲಿ ‘ಇನ್‌ಕ್ಲೂಷನ್’ ಅಂತಿದೆ, ಕ್ಯಾನ್ಸರಾ?

ಪ್ರಶ್ನೆ: ಬೆನ್ನ ಮೇಲಿನ ಮಚ್ಚೆ ತೆಗೆಸಿದೆ. ಬಯಾಪ್ಸಿ ವರದಿಯಲ್ಲಿ ‘ಬಿನೈನ್ ನೀವಸ್’ ಅಂತಿದೆ, ಕೆಳಗೆ ‘ನ್ಯೂಕ್ಲಿಯರ್ ಇನ್‌ಕ್ಲೂಷನ್’ ಅಂತಲೂ ಇದೆ. ಕೋಶಕೇಂದ್ರದೊಳಕ್ಕೆ ಏನೋ ಸೇರಿಕೊಂಡಿದೆಯಂತೆ. ಕ್ಯಾನ್ಸರಾ, ವೈರಸ್ಸಾ? (ಮದ್ದೂರಿನಿಂದ ಒಬ್ಬರು)

ಎರಡೂ ಅಲ್ಲ. ಮೈಸೂರಿನವರೂ ಮಂಡ್ಯದವರೂ ಇದನ್ನೇ ಕೇಳುತ್ತಾರೆ, ನಾನೂ ಅದನ್ನೇ ಬರೆಯುತ್ತೇನೆ: ವರದಿಯ ತೀರ್ಪು ‘ಬಿನೈನ್’ ಅನ್ನುವುದು, ಅಂದರೆ ಕ್ಯಾನ್ಸರಲ್ಲದ್ದು; ‘ನೀವಸ್’ ಅಂದರೆ ಮಚ್ಚೆ. ಉಳಿದದ್ದು ತಜ್ಞರು ಕಂಡದ್ದನ್ನು ಬರೆದಿಟ್ಟ ವಿವರ.

‘ಏನೋ ಸೇರಿಕೊಂಡಿದೆ’ ಅನ್ನುವ ನಂಬಿಕೆ ಮಾತ್ರ ಎಷ್ಟು ಹೇಳಿದರೂ ಹೋಗುವುದಿಲ್ಲ. ಸಾಧಾರಣ ಸೂಕ್ಷ್ಮದರ್ಶಕಕ್ಕೆ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರದ ಎರಡು ಚುಕ್ಕೆ ಬೇರೆಬೇರೆಯಾಗಿ ಕಾಣುವುದಿಲ್ಲ. ಅದರಲ್ಲಿ ಕೋಶಕೇಂದ್ರದ ನಡುವೆ ತಿಳಿಬಣ್ಣದ ಗುಂಡನೆ ಗುಳ್ಳೆ ತೋರುತ್ತದೆ, ಅಷ್ಟೇ. 100 ನ್ಯಾನೋಮೀಟರಿಗಿಂತ ತೆಳುವಾಗಿ ಸೀಳಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟರೆ ನಿಜ ಗೊತ್ತಾಗುತ್ತದೆ. ಗುಳ್ಳೆಯ ಸುತ್ತ ಇರುವುದು ಕೋಶಕೇಂದ್ರದ್ದೇ ಜೋಡಿ ಪೊರೆ. ಒಳಗೆ ಮೈಟೋಕಾಂಡ್ರಿಯ, ರೈಬೋಸೋಮು, ಕೆಲವೊಮ್ಮೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕಣ. ಹೈಸ್ಕೂಲಿನಲ್ಲಿ ಕೋಶದ ಚಿತ್ರ ಬರೆದವರಿಗೆಲ್ಲ ಗೊತ್ತು, ಇವೆಲ್ಲ ಅದೇ ಕೋಶದ ದ್ರವ್ಯದಲ್ಲಿರುವಂಥವು. ಹೊರಗಿನಿಂದ ಬಂದದ್ದು ಒಂದೂ ಇಲ್ಲ. ಮುದ್ದೆಯ ನಡುವೆ ಗುಳಿ ಮಾಡಿ ಸಾರು ಬಿಟ್ಟುಕೊಳ್ಳುತ್ತೀರಲ್ಲ, ಅದನ್ನು ಅಡ್ಡಡ್ಡ ಕೊಯ್ದು ಮೇಲಿನಿಂದ ನೋಡಿ: ಸುತ್ತಲೂ ಮುದ್ದೆ, ನಡುವೆ ಸಾರು, ಬಂದ ದಾರಿಯೇ ಕಾಣುವುದಿಲ್ಲ. ಇಲ್ಲೂ ಕೋಶಕೇಂದ್ರದ ಪೊರೆ ಒಳಕ್ಕೆ ಗುಳಿಬಿದ್ದಿದೆ, ಸೀಳು ಅದನ್ನು ಅಡ್ಡಲಾಗಿ ಕೊಯ್ದಿದೆ. ಹರ್ಪಿಸ್‌ನಂಥ ವೈರಸ್ ಕೋಶಕೇಂದ್ರದಲ್ಲಿ ಬೆಳೆದಾಗ ಕಾಣುವ ಗುಪ್ಪೆಗೆ ಇಂಥ ಪೊರೆ ಇರುವುದಿಲ್ಲ, ಅಲ್ಲಿ ವೈರಸ್ ಕಣಗಳೇ ಕಾಣುತ್ತವೆ.

ಭಯ ಎಲ್ಲಿಂದ ಬಂತು ಅಂತಲೂ ಬಲ್ಲೆ. ಮೊಬೈಲಿನಲ್ಲಿ ಹುಡುಕಿದಿರಿ, ಥೈರಾಯ್ಡ್ ಕ್ಯಾನ್ಸರ್ ಸಿಕ್ಕಿತು. ಪ್ಯಾಪಿಲ್ಲರಿ ಅನ್ನುವ ಬಗೆಯ ಥೈರಾಯ್ಡ್ ಕ್ಯಾನ್ಸರ್ ಗುರುತಿಸುವಾಗ ಕೋಶಕೇಂದ್ರದಲ್ಲಿ ಇಂಥ ಗುಳಿ ಕಂಡರೆ ಅದಕ್ಕೆ ಬೆಲೆಯಿದೆ, ನಿಜ. ಚರ್ಮದ ಕ್ಯಾನ್ಸರಾದ ಮೆಲನೋಮದಲ್ಲೂ ಕಾಣುತ್ತದೆ, ಏನೂ ಕೆಡುಕಿಲ್ಲದ ಮಚ್ಚೆಯಲ್ಲೂ ಕಾಣುತ್ತದೆ. ಹಾಗಿರುವಾಗ ಮಚ್ಚೆಯ ಮಟ್ಟಿಗೆ ಇದೊಂದನ್ನೇ ಹಿಡಿದು ತೀರ್ಪು ಕೊಡಲು ಬರುವುದಿಲ್ಲ. ಕೋಶಗಳು ಆಳಕ್ಕಿಳಿದಂತೆ ಚಿಕ್ಕವಾಗಿವೆಯೇ, ಆಳದಲ್ಲೂ ವಿಭಜನೆ ನಡೆದಿದೆಯೇ, ಮಚ್ಚೆಯ ಎರಡೂ ಪಕ್ಕ ಒಂದೇ ತೆರನಾಗಿವೆಯೇ ಎಂದು ಪ್ಯಾಥಾಲಜಿಸ್ಟ್ ನೋಡುತ್ತಾರೆ. ನಿಮ್ಮದನ್ನೂ ಹಾಗೆ ನೋಡಿಯೇ ‘ಬಿನೈನ್’ ಎಂದು ಬರೆದಿರುವುದು.

ಬೆನ್ನಿನ ಮಚ್ಚೆಗೆ ಇಷ್ಟು ಹೆದರಿದಿರಿ, ಅಂಗಾಲು ತಿರುಗಿಸಿ ನೋಡಿಕೊಂಡಿದ್ದೀರಾ? ನಮ್ಮಂಥ ಕಂದು ಚರ್ಮದವರಲ್ಲಿ ಮೆಲನೋಮ ಬಂದರೆ ಬಹಳ ಸಲ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲೇ ಬರುತ್ತದೆ. ವಿ.ಸಿ. ನಾಲೆಯ ಗದ್ದೆಗಳಲ್ಲಿ ಬರಿಗಾಲಲ್ಲಿ ದುಡಿಯುವವರು ಅಂಗಾಲಿನ ಕಪ್ಪು ಕಲೆಯನ್ನು ಮುಳ್ಳು ಚುಚ್ಚಿದ್ದು ಅಂತಲೋ ಉಗುರಿನ ಕಪ್ಪನ್ನು ಏಟು ಬಿದ್ದದ್ದು ಅಂತಲೋ ಸುಮ್ಮನಾಗಿಬಿಡುತ್ತಾರೆ. ಏಟಿನ ರಕ್ತವಾದರೆ ಉಗುರು ಬೆಳೆದಂತೆ ಮುಂದಕ್ಕೆ ಸರಿಯುತ್ತದೆ. ಬುಡದಿಂದ ತುದಿಯವರೆಗೆ ನಿಂತು ಅಗಲವಾಗುತ್ತಲೇ ಇರುವ ಪಟ್ಟೆ, ದೊಡ್ಡದಾಗುವ, ಬಣ್ಣ ಬದಲಿಸುವ, ಒಡೆದು ರಕ್ತ ಒಸರುವ ಕಲೆ ಕಂಡರೆ ಸುಣ್ಣ ಹಚ್ಚಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ. ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇನೂ ಬೇಕಿಲ್ಲ. ಮಾಮೂಲಿ ಬಯಾಪ್ಸಿಯಲ್ಲೇ ಸಾಮಾನ್ಯವಾಗಿ ಗೊತ್ತಾಗುತ್ತದೆ.