ಹೊಕ್ಕುಳಬಳ್ಳಿಯ ರಕ್ತ ಯಾರಿಗೆ ಸಲ್ಲಬೇಕು?

ಏಳೆಂಟು ತಿಂಗಳು ತುಂಬಿದ ಗರ್ಭಿಣಿಯರು ಗಂಡನೊಡನೆಯೋ ತಾಯಿಯೊಡನೆಯೋ ನನ್ನ ಕೊಠಡಿಗೆ ಬರುವುದು ಈಗ ಸಾಮಾನ್ಯವಾಗಿದೆ. ನಾನು ಹೆರಿಗೆ ಮಾಡಿಸುವವನಲ್ಲ, ರಕ್ತರೋಗಗಳಿಗೆ ಚಿಕಿತ್ಸೆ ನೀಡುವವನು. ಆದರೂ ಅವರು ಬರುವುದು, ಸ್ಕ್ಯಾನಿಂಗ್‌ಗೆ ಹೋದಾಗಲೋ ಸೀಮಂತದ ಮನೆಯಲ್ಲೋ ಕೈಗೆ ಬಂದ ಒಂದು ಬಣ್ಣದ ಕರಪತ್ರದ ಕಾರಣದಿಂದ. ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಶೈತ್ಯಾಗಾರದಲ್ಲಿ ಕಾಪಿಟ್ಟರೆ ಮುಂದೆ ಎಂಬತ್ತಕ್ಕೂ ಹೆಚ್ಚು ರೋಗಗಳಿಗೆ ಅದೇ ಮದ್ದಾಗುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಜೊತೆಯಲ್ಲಿ ಕಂತಿನ ವಿವರವೂ ಇರುತ್ತದೆ. ಮೊನ್ನೆ ಬಂದ ದಂಪತಿ ಕೇಳಿದ್ದು ಒಂದೇ ಪ್ರಶ್ನೆ: "ಡಾಕ್ಟ್ರೇ, ದುಡ್ಡಿನ ಮುಖ ನೋಡಿ ಇದನ್ನು ಬಿಟ್ಟುಬಿಟ್ಟರೆ ನಾಳೆ ಮಗುವಿಗೆ ನಾವೇ ಅನ್ಯಾಯ ಮಾಡಿದ ಹಾಗಾಗುತ್ತದೆಯೇ?" ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಆ ರಕ್ತದಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ.

ಮಗು ಹುಟ್ಟಿ ಬಳ್ಳಿ ಕತ್ತರಿಸಿದ ಮೇಲೆ ಮಾಸಿನಲ್ಲಿಯೂ ಬಳ್ಳಿಯಲ್ಲಿಯೂ ಸ್ವಲ್ಪ ರಕ್ತ ಉಳಿಯುತ್ತದೆ. ಬಹುಕಾಲ ಅದನ್ನು ಮಾಸಿನೊಂದಿಗೆ ಹೂಳುತ್ತಿದ್ದೆವು ಅಥವಾ ಸುಡುತ್ತಿದ್ದೆವು. ರಕ್ತವನ್ನು ಹುಟ್ಟಿಸುವ ಆಕರಕೋಶಗಳು, ಅಂದರೆ ಪತ್ರಿಕೆಗಳು ಸ್ಟೆಮ್ ಸೆಲ್ ಎಂದು ಬರೆಯುವ ಕೋಶಗಳು, ಅದರಲ್ಲಿ ಹೇರಳವಾಗಿವೆ ಎಂಬುದನ್ನು ಅಮೆರಿಕದ ಇಂಡಿಯಾನಾದಲ್ಲಿ ಹಾಲ್ ಬ್ರಾಕ್ಸ್‌ಮೇಯರ್ ಅವರ ತಂಡ ತೋರಿಸಿಕೊಟ್ಟಿತು. 1988ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಎಲಿಯಾನ್ ಗ್ಲುಕ್‌ಮನ್ ಅವರು ಫ್ಯಾಂಕೋನಿ ಅನೀಮಿಯಾ ಎಂಬ ವಂಶವಾಹಿ ರೋಗದಿಂದ ನರಳುತ್ತಿದ್ದ ಐದು ವರ್ಷದ ಬಾಲಕನಿಗೆ ಅವನ ತಂಗಿಯ ಹೊಕ್ಕುಳಬಳ್ಳಿಯ ರಕ್ತವನ್ನು ಕಸಿ ಮಾಡಿದರು. ಅವನು ಗುಣಮುಖನಾಗಿ ಬೆಳೆದು ದೊಡ್ಡವನಾದ. ಕರಪತ್ರಗಳು ಈ ಘಟನೆಯನ್ನು ಹೆಮ್ಮೆಯಿಂದ ಹೇಳುತ್ತವೆ. ಆದರೆ ಆ ಬಾಲಕನನ್ನು ಉಳಿಸಿದ್ದು ಅವನ ಸ್ವಂತ ರಕ್ತವಲ್ಲ, ತಂಗಿಯ ರಕ್ತ ಎಂಬ ಮಾತಿನ ಮೇಲೆ ಅವು ಒತ್ತು ಕೊಡುವುದಿಲ್ಲ. ಇಡೀ ವಿಷಯದ ತಿರುಳು ಇರುವುದೇ ಅಲ್ಲಿ.

ಆಕರಕೋಶ ಎಂಬ ಒಂದೇ ಹೆಸರಿನಡಿ ಬಹಳ ಭಿನ್ನವಾದ ಕೋಶಗಳನ್ನು ನಾವು ಸೇರಿಸಿಬಿಟ್ಟಿರುವುದು ಗೊಂದಲಕ್ಕೆ ಮೂಲ ಕಾರಣ. ತನ್ನಂಥದೇ ಇನ್ನೊಂದು ಕೋಶವನ್ನು ಹುಟ್ಟಿಸಿಕೊಳ್ಳುವ, ಹಾಗೆಯೇ ಬೇರೆ ಬಗೆಯ ಕೋಶವಾಗಿ ಮಾರ್ಪಡಬಲ್ಲ ಶಕ್ತಿಯುಳ್ಳ ಕೋಶಗಳೆಲ್ಲ ಆಕರಕೋಶಗಳೇ ನಿಜ. ಆದರೆ ಯಾವುದು ಏನೇನಾಗಬಲ್ಲದು ಎಂಬುದರಲ್ಲಿ ಅಜಗಜಾಂತರವಿದೆ. ಫಲಿತಗೊಂಡ ಅಂಡವೂ ಅದರ ಮೊದಲ ಕೆಲವು ವಿಭಜನೆಗಳ ಕೋಶಗಳೂ ಶಿಶುವನ್ನು ಮಾತ್ರವಲ್ಲ, ಮಾಸನ್ನೂ ರೂಪಿಸಬಲ್ಲವು. ಐದಾರು ದಿನದ ಭ್ರೂಣದ ಒಳಗಿನ ಕೋಶಗಳು ಮಾಸನ್ನು ಕಟ್ಟಲಾರವಾದರೂ ದೇಹದ ಯಾವ ಅಂಗಾಂಶವಾದರೂ ಆಗಬಲ್ಲವು. ಮನುಷ್ಯರ ಇಂಥ ಕೋಶಗಳನ್ನು 1998ರಲ್ಲಿ ಜೇಮ್ಸ್ ಥಾಮ್ಸನ್ ಅವರ ತಂಡ ಮೊದಲ ಬಾರಿಗೆ ಬೇರ್ಪಡಿಸಿ ಬೆಳೆಸಿತು. ಭ್ರೂಣವನ್ನು ನಾಶಮಾಡದೆ ಇವನ್ನು ಪಡೆಯಲಾಗದು ಎಂಬ ನೈತಿಕ ತೊಡಕಿಗೆ ಜಪಾನಿನ ಶಿನ್ಯಾ ಯಮನಾಕಾ 2006ರಲ್ಲಿ ಬೇರೊಂದು ದಾರಿ ತೋರಿಸಿದರು: ಇಲಿಯ ಚರ್ಮದ ಕೋಶಗಳಲ್ಲಿ ನಾಲ್ಕು ವಂಶವಾಹಿಗಳನ್ನು ಚುರುಕುಗೊಳಿಸಿ ಅವನ್ನು ಮತ್ತೆ ಭ್ರೂಣಾವಸ್ಥೆಯ ಸ್ಥಿತಿಗೆ ಮರಳಿಸಿದರು. ಮರುವರ್ಷ ಮನುಷ್ಯರ ಕೋಶಗಳಲ್ಲಿಯೂ ಅದು ಸಾಧ್ಯವಾಯಿತು. 2012ರಲ್ಲಿ ಅವರಿಗೆ ನೊಬೆಲ್ ದೊರೆಯಿತು.

ಇವನ್ನೆಲ್ಲ ಬಿಟ್ಟರೆ ಉಳಿಯುವುದು ಹುಟ್ಟಿದ ಮೇಲೂ ನಮ್ಮ ದೇಹದಲ್ಲಿ ಉಳಿದಿರುವ ಆಕರಕೋಶಗಳು. ಇವಕ್ಕೆ ಒಂದೊಂದಕ್ಕೂ ತನ್ನದೇ ಮನೆತನವಿದೆ ಎನ್ನಬಹುದು. ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿರುವವು ಕಾರ್ನಿಯಾದ ಮೇಲ್ಪದರವನ್ನಷ್ಟೇ ಕಟ್ಟುತ್ತವೆ. ಸುಣ್ಣ ಅಥವಾ ಆಮ್ಲ ಬಿದ್ದು ಕಣ್ಣು ಸುಟ್ಟವರಿಗೆ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು ಈ ಕೋಶಗಳಿಂದ ದೃಷ್ಟಿ ಮರಳಿಸುತ್ತಿದ್ದಾರೆ. ಅಸ್ಥಿಮಜ್ಜೆಯಲ್ಲಿರುವವು ಕೆಂಪುಕಣ, ಬಿಳಿಕಣ, ಕಿರುಬಿಲ್ಲೆ (ಪ್ಲೇಟ್‌ಲೆಟ್) ಇಷ್ಟನ್ನೂ ಹುಟ್ಟಿಸುತ್ತವೆ, ಆದರೆ ರಕ್ತದ ವಂಶವನ್ನು ದಾಟುವುದಿಲ್ಲ. ಹೊಕ್ಕುಳಬಳ್ಳಿಯ ರಕ್ತದಲ್ಲಿರುವುದು ಮುಖ್ಯವಾಗಿ ಈ ರಕ್ತಜನಕ ಕೋಶಗಳೇ. ಬಳ್ಳಿಯ ಒಳಗಿನ ಲೋಳೆಯಂಥ ಅಂಗಾಂಶದಲ್ಲಿ ಮೀಸೆನ್‌ಕೈಮಲ್ ಎಂಬ ಇನ್ನೊಂದು ಬಗೆಯವು ಇವೆ. ಪ್ರಯೋಗಶಾಲೆಯಲ್ಲಿ ಅವು ಮೂಳೆ, ಮೃದ್ವಸ್ಥಿ, ಕೊಬ್ಬಿನ ಕೋಶಗಳಾಗಬಲ್ಲವು. ಹೀಗಿರುವಾಗ ಭ್ರೂಣಕೋಶದ ಗುಣವನ್ನು ಬಳ್ಳಿಯ ರಕ್ತಕ್ಕೆ ಆರೋಪಿಸಿ, ಮಿದುಳಿನ ಬೆಳವಣಿಗೆಯ ತೊಂದರೆಗೂ ಹೃದಯದ ಕಾಯಿಲೆಗೂ ಇದು ಒದಗುತ್ತದೆ ಎಂದು ತಂದೆತಾಯಿಯರನ್ನು ನಂಬಿಸುವುದು ನನಗೆ ತೀರ ನೋವು ತರುವ ಸಂಗತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರ ಮಾರ್ಗಸೂಚಿಯಲ್ಲಿ ಬ್ಯಾಂಕಿನಲ್ಲಿಡಲು ಒಪ್ಪಿರುವುದು ಬಳ್ಳಿಯ ರಕ್ತವನ್ನು ಮಾತ್ರ. ಬಳ್ಳಿಯ ಅಂಗಾಂಶ, ಹಲ್ಲಿನ ತಿರುಳು, ಮುಟ್ಟಿನ ರಕ್ತ ಮುಂತಾದವುಗಳ ಸಂಗ್ರಹಕ್ಕೆ ಅದರಲ್ಲಿ ಅನುಮತಿಯಿಲ್ಲ.

ಇನ್ನು ಆ ಎಂಬತ್ತು ರೋಗಗಳ ಪಟ್ಟಿ. ಪಟ್ಟಿ ಸುಳ್ಳಲ್ಲ, ಆದರೆ ಅದರಲ್ಲಿ ಬಹುಪಾಲು ರೋಗಗಳಿಗೆ ಬೇಕಾಗುವುದು ಇನ್ನೊಬ್ಬರ ಕೋಶಗಳು. ಮಗುವಿಗೆ ಥಲಸ್ಸೀಮಿಯಾ ಎಂಬ ವಂಶವಾಹಿ ರಕ್ತರೋಗ ಇದ್ದರೆ ಅದರ ದೋಷ ಆ ಮಗುವಿನ ಬಳ್ಳಿಯ ರಕ್ತದ ಒಂದೊಂದು ಆಕರಕೋಶದಲ್ಲಿಯೂ ಇರುತ್ತದೆ. ಅದನ್ನೇ ಮರಳಿ ಕೊಟ್ಟರೆ ರೋಗವನ್ನೇ ಮರಳಿ ಕೊಟ್ಟಂತೆ. ಮಕ್ಕಳ ರಕ್ತದ ಕ್ಯಾನ್ಸರ್‌ನಲ್ಲಿ ಕೆಲವು ಬಗೆಗಳಿಗೆ ಕಾರಣವಾಗುವ ಮೊದಲ ಬದಲಾವಣೆ ಗರ್ಭದಲ್ಲಿಯೇ ಆಗಿರುತ್ತದೆ. ಅದೂ ಅಲ್ಲದೆ, ಬೇರೆಯವರ ರಕ್ಷಣಾಕೋಶಗಳು ಉಳಿದ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಕೊಲ್ಲುವ ಲಾಭ ಸ್ವಂತ ರಕ್ತದಿಂದ ಸಿಗುವುದಿಲ್ಲ. ಮಗುವಿನ ರಕ್ತ ಅದೇ ಮಗುವಿಗೆ ಬೇಕಾಗುವ ಸಾಧ್ಯತೆಯನ್ನು ಅಮೆರಿಕದ ಕಸಿ ತಜ್ಞರ ಸಂಘ 2,500ರಲ್ಲಿ ಒಂದರಿಂದ 2 ಲಕ್ಷದಲ್ಲಿ ಒಂದರವರೆಗೆ ಎಂದು ಅಂದಾಜಿಸಿತ್ತು.

ಹಾಗೆಂದು ಈ ರಕ್ತ ಬೆಲೆಯಿಲ್ಲದ್ದು ಎಂದು ನಾನು ಹೇಳುತ್ತಿಲ್ಲ. ದಾನವಾಗಿ ಇದರ ಬೆಲೆ ದೊಡ್ಡದು. ಹಸುಗೂಸಿನ ರಕ್ಷಣಾಕೋಶಗಳು ಇನ್ನೂ ಪಳಗದವು, ಶತ್ರುವನ್ನು ಕಂಡು ಅರಿಯದವು. ಆದ್ದರಿಂದ ಕಸಿಯಾದ ಕೋಶಗಳೇ ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ತಿರುಗಿಬೀಳುವ ಅಪಾಯ ಇಲ್ಲಿ ಕಡಿಮೆ. ಅಸ್ಥಿಮಜ್ಜೆಯ ದಾನಿಯಲ್ಲಿ, ತನ್ನದು ಯಾವುದು ಪರರದು ಯಾವುದು ಎಂದು ದೇಹಕ್ಕೆ ತಿಳಿಸುವ, ಕೋಶಗಳ ಮೇಲಿನ ಎಚ್‌ಎಲ್‌ಎ ಗುರುತುಗಳು ಬಹುತೇಕ ಪೂರ್ಣವಾಗಿ ಹೊಂದಬೇಕೆಂದು ಹುಡುಕುವ ನಾವು, ಬಳ್ಳಿಯ ರಕ್ತದಲ್ಲಿ ಆರರಲ್ಲಿ ನಾಲ್ಕು ಹೊಂದಿದರೂ ಮುಂದುವರಿಯಬಹುದು. ಇದನ್ನು ಅರಿತೇ 1990ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ರಕ್ತ ಕೇಂದ್ರದಲ್ಲಿ ಪಾಬ್ಲೋ ರೂಬಿನ್‌ಸ್ಟೈನ್ ಸಾರ್ವಜನಿಕ ಬ್ಯಾಂಕೊಂದನ್ನು ಕಟ್ಟಿದರು. ತಾಯಿ ಉಚಿತವಾಗಿ ಕೊಡುತ್ತಾಳೆ, ಲೋಕದ ಯಾವ ಮೂಲೆಯ ರೋಗಿಯಾದರೂ ಹೊಂದಿದರೆ ಪಡೆಯುತ್ತಾನೆ.

ಇದರ ಮಿತಿ ಇರುವುದು ಪ್ರಮಾಣದಲ್ಲಿ. ಕಸಿ ಬೇರೂರಬೇಕಾದರೆ ರೋಗಿಯ ತೂಕದ ಪ್ರತಿ ಕಿಲೋಗೆ ಕನಿಷ್ಠ 2.5 ಕೋಟಿ ಕೋಶಬೀಜವುಳ್ಳ ಕೋಶಗಳು ಬೇಕು. 20 ಕಿಲೋ ತೂಕದ ಮಗುವಿಗೆ 50 ಕೋಟಿ ಸಾಕು. 60 ಕಿಲೋ ತೂಗುವ ವಯಸ್ಕರಿಗೆ 150 ಕೋಟಿ. ಒಂದು ಬಳ್ಳಿಯಿಂದ ಸಿಗುವುದು ಹೆಚ್ಚುಕಡಿಮೆ ನೂರು ಮಿಲಿಲೀಟರ್ ರಕ್ತ, ಹಲವು ಬಾರಿ ಅಷ್ಟೂ ಇಲ್ಲ. ಈ ಕಾರಣಕ್ಕೇ ಸಾರ್ವಜನಿಕ ಬ್ಯಾಂಕುಗಳು ತಮಗೆ ಬಂದ ದಾನದಲ್ಲಿ ಹೆಚ್ಚಿನದನ್ನು ಕೋಶಗಳು ಸಾಲವೆಂದು ಕೈಬಿಡುತ್ತವೆ. ಹಣ ಪಡೆದು ಕಾಪಿಡುವ ಕಡೆ ಆ ಕಟ್ಟುನಿಟ್ಟು ಇದೆಯೇ ಎಂದು ಕೇಳುವ ಹಕ್ಕು ಪ್ರತಿ ದಂಪತಿಗೂ ಇದೆ. ಬಳ್ಳಿಯ ರಕ್ತ ಮೈಗೂಡಲು ಮೂರ್ನಾಲ್ಕು ವಾರ ಹಿಡಿಯುವುದರಿಂದ ಸೋಂಕಿನ ಭಯವೂ ಹೆಚ್ಚು. ಅರ್ಧದಷ್ಟು ಮಾತ್ರ ಹೊಂದುವ ತಂದೆ, ತಾಯಿ, ಒಡಹುಟ್ಟಿದವರಿಂದಲೇ ಕಸಿ ಮಾಡುವ ವಿಧಾನ ಈಗ ಸುಧಾರಿಸಿರುವುದರಿಂದ ಲೋಕದೆಲ್ಲೆಡೆ ಬಳ್ಳಿಯ ರಕ್ತದ ಬಳಕೆ ಇಳಿದಿದೆ. ನಮ್ಮ ದೇಶದಲ್ಲಂತೂ ಖಾಸಗಿ ಬ್ಯಾಂಕುಗಳು ಬೆಳೆದಂತೆ ಸಾರ್ವಜನಿಕ ಬ್ಯಾಂಕುಗಳು ಬೆಳೆಯಲೇ ಇಲ್ಲ. ದಾನದ ಮನಸ್ಸಿರುವ ತಂದೆಗೆ ನಾನು ತೋರಿಸುವ ದಾರಿ ಬೇರೆ: ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಕೊಟ್ಟರೆ ಆಕರಕೋಶ ದಾನಿಗಳ ನೋಂದಣಿಯಲ್ಲಿ ಹೆಸರು ಸೇರುತ್ತದೆ. ಆ ಸಂಸ್ಥೆಗಳು ಬೆಂಗಳೂರಿನಲ್ಲಿಯೂ ಚೆನ್ನೈಯಲ್ಲಿಯೂ ಇವೆ.

ಒಂದು ಸಂದರ್ಭದಲ್ಲಿ ಮಾತ್ರ ಬಳ್ಳಿಯ ರಕ್ತವನ್ನು ತಪ್ಪದೆ ಕಾಪಿಡಿ ಎಂದು ನಾನೇ ಹೇಳುತ್ತೇನೆ. ಮನೆಯಲ್ಲಿ ಈಗಾಗಲೇ ಥಲಸ್ಸೀಮಿಯಾ ಇರುವ ಅಥವಾ ಕಸಿಯಿಂದ ಗುಣವಾಗಬಹುದಾದ ಬೇರೊಂದು ಕಾಯಿಲೆಯ ಮಗುವಿದ್ದು, ತಾಯಿ ಮತ್ತೆ ಗರ್ಭಿಣಿಯಾಗಿರುವ ಸಂದರ್ಭ ಅದು. ಸೋದರಮಾವನೊಂದಿಗಿನ ಮದುವೆಯಂಥ ರಕ್ತಸಂಬಂಧದ ಮದುವೆಗಳು ಇನ್ನೂ ಇರುವ ನಮ್ಮ ಭಾಗದಲ್ಲಿ ಇಂಥ ಕುಟುಂಬಗಳು ಅಪರೂಪವಲ್ಲ. ಕೆಲವು ವರ್ಷಗಳ ಹಿಂದೆ ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲು ಬರುತ್ತಿದ್ದ ನಾಲ್ಕು ವರ್ಷದ ಹುಡುಗಿಯ ತಾಯಿಗೆ ನಾನು ಇಲ್ಲಿಯೂ ಲೆಕ್ಕವನ್ನು ಮುಚ್ಚಿಡಲಿಲ್ಲ. ಹುಟ್ಟುವ ಮಗು ರೋಗವಿಲ್ಲದ್ದಾಗುವ ಸಾಧ್ಯತೆ ನಾಲ್ಕರಲ್ಲಿ ಮೂರು, ಅಕ್ಕನಿಗೆ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಎರಡೂ ಕೂಡಿಬರುವುದು ಹದಿನಾರರಲ್ಲಿ ಮೂರು ಸಲ ಮಾತ್ರ. ಆ ಮನೆಯಲ್ಲಿ ಅದು ಕೂಡಿಬಂತು. ಬಳ್ಳಿಯ ರಕ್ತವೊಂದೇ ಸಾಲದೆ, ತಮ್ಮ ತುಸು ಬೆಳೆದ ಮೇಲೆ ಅವನ ಸ್ವಲ್ಪ ಅಸ್ಥಿಮಜ್ಜೆಯನ್ನೂ ಸೇರಿಸಿ ಕಸಿ ಮಾಡಬೇಕಾಯಿತು. ಹುಡುಗಿ ಈಗ ರಕ್ತ ಹಾಕಿಸಿಕೊಳ್ಳದೆ ಶಾಲೆಗೆ ಹೋಗುತ್ತಿದ್ದಾಳೆ.

ಮೊನ್ನೆಯ ದಂಪತಿಯ ಮನೆತನದಲ್ಲಿ ಇಂಥ ಯಾವ ಕಾಯಿಲೆಯೂ ಇರಲಿಲ್ಲ. ಎಲ್ಲವನ್ನೂ ಕೇಳಿದ ಮೇಲೆ ಜೊತೆಗೆ ಬಂದಿದ್ದ ಅಜ್ಜಿ, "ಹಾಗಾದರೆ ಅಷ್ಟು ಒಳ್ಳೆಯ ರಕ್ತ ಸುಮ್ಮನೆ ಹಾಳಾಗುತ್ತದಲ್ಲಪ್ಪ" ಎಂದರು. ಅವರ ಮನೆಯಲ್ಲಿ ಒಣಗಿ ಬಿದ್ದ ಹೊಕ್ಕುಳನ್ನು ತಾಯಿತದಲ್ಲಿಟ್ಟು ಮಗುವಿನ ಉಡುದಾರಕ್ಕೆ ಕಟ್ಟುವ ವಾಡಿಕೆಯಿದೆ. ಬಳ್ಳಿ ಅವರಿಗೆ ಬಿಸಾಡುವ ವಸ್ತುವಲ್ಲ. ಹಾಳಾಗಬೇಕಾಗಿಲ್ಲ ಎಂದು ನಾನು ಹೇಳಿದೆ. ಮಗು ಹುಟ್ಟಿದ ಕೂಡಲೇ ಬಳ್ಳಿ ಕತ್ತರಿಸದೆ ಒಂದರಿಂದ ಮೂರು ನಿಮಿಷ ಕಾದರೆ ಮಾಸಿನಲ್ಲಿರುವ ರಕ್ತದ ದೊಡ್ಡ ಪಾಲು ಮಗುವಿನ ಮೈಗೇ ಹರಿಯುತ್ತದೆ. ಆ ಕಬ್ಬಿಣಾಂಶ ತಿಂಗಳುಗಟ್ಟಲೆ ಕೆಲಸಕ್ಕೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸೂ ಇದೇ. ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆಯಿದೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಚೀಲ ತುಂಬಲೆಂದು ಅವಸರದಲ್ಲಿ ಬಳ್ಳಿ ಕತ್ತರಿಸಿದರೆ ಕಳೆದುಕೊಳ್ಳುವುದು ಮಗು. ಗರ್ಭಿಣಿ ತನ್ನ ತಪಾಸಣೆಯ ಕಡತವನ್ನು ನನ್ನ ಮುಂದೆ ಚಾಚಿ, ಇದನ್ನು ಹೆರಿಗೆ ಮಾಡಿಸುವ ಮೇಡಂಗೆ ಕಾಣುವ ಹಾಗೆ ಬರೆದುಕೊಡಿ ಎಂದು ಕೇಳಿದರು. ಮೊದಲ ಪುಟದಲ್ಲಿಯೇ ಬರೆದುಕೊಟ್ಟೆ.