ನೋವಿಲ್ಲದ ಹುಣ್ಣು: ಮಧುಮೇಹಿಗಳ ಪಾದ ಪರೀಕ್ಷೆ ಬಗ್ಗೆ ಒಂದು ಟಿಪ್ಪಣಿ

ನರ್ಸಿಂಗ್ ಪರೀಕ್ಷೆಯಲ್ಲಿ ‘ಮಧುಮೇಹಿಗಳ ಪಾದದ ಆರೈಕೆ’ ಅಂತ ಪ್ರಶ್ನೆ ಬಂದರೆ ಹತ್ತು ಅಂಶ ಬಾಯಿಪಾಠ ಒಪ್ಪಿಸಿ ಬರುತ್ತೇವೆ. ಬರಿಗಾಲಲ್ಲಿ ನಡೆಯಬಾರದು, ಬಿಸಿನೀರಲ್ಲಿ ಕಾಲಿಡಬಾರದು, ಉಗುರನ್ನು ನೇರಕ್ಕೆ ಕತ್ತರಿಸಬೇಕು. ವಾರ್ಡಿನಲ್ಲಿ ರೋಗಿ ‘ಯಾಕೆ ಸಿಸ್ಟರ್?’ ಅಂದರೆ ಮಾತ್ರ ತಡವರಿಸುತ್ತೇವೆ. ಅದಕ್ಕೇ ಇಲ್ಲಿ ಅಂಶಗಳಿಗಿಂತ ಕಾರಣಗಳನ್ನೇ ಹೆಚ್ಚು ಬರೆದಿದ್ದೇನೆ.

ಸಕ್ಕರೆ ಕಾಯಿಲೆ ನರಗಳನ್ನು ಹಾಳುಮಾಡುತ್ತದೆ ಅಂತ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಬೇಡಿ. ಹಾಳಾಗುವುದು ಮೂರು ಬಗೆಯ ನರ. ಸ್ಪರ್ಶದ ನರ ಹೋದರೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಸ್ನಾಯುಗಳ ನರ ಹೋದರೆ ಪಾದದೊಳಗಿನ ಸಣ್ಣ ಸ್ನಾಯುಗಳು ಸೊರಗಿ ಬೆರಳುಗಳು ಹಕ್ಕಿಯ ಉಗುರಿನ ಹಾಗೆ ಬಾಗುತ್ತವೆ. ಆಗ ಬೆರಳ ಬುಡದ ಮೂಳೆಗಳು, ಅಂದರೆ ಮೆಟಟಾರ್ಸಲ್ ತಲೆಗಳು, ಅಂಗಾಲಿಗೆ ಒತ್ತಿಕೊಂಡು ಭಾರವೆಲ್ಲ ಅಲ್ಲೇ ಬೀಳುತ್ತದೆ. ಮೂರನೆಯದು ಬೆವರನ್ನು ನೋಡಿಕೊಳ್ಳುವ ಸ್ವನಿಯಂತ್ರಿತ ನರ. ಅದು ಹೋದರೆ ಚರ್ಮ ಒಣಗಿ ಹಿಮ್ಮಡಿ ಒಡೆಯುತ್ತದೆ. ರಕ್ತನಾಳ ಕಟ್ಟದೇ ಇದ್ದವರಲ್ಲಿ ಇಂಥ ಪಾದ ಮುಟ್ಟಿದರೆ ಬೆಚ್ಚಗೇ ಇರುತ್ತದೆ, ನಾಡಿಯೂ ಚೆನ್ನಾಗಿ ಸಿಗುತ್ತದೆ. ‘ಕಾಲು ಬೆಚ್ಚಗಿದೆ, ನೋವಿಲ್ಲ’ ಅಂತ ಕೇಸ್ ಶೀಟಿನಲ್ಲಿ ಬರೆದು ಸಮಾಧಾನಪಡುವವರು ಇಲ್ಲೇ ಎಡವುವುದು.

ನೋವು ಇಲ್ಲದಿರುವುದೇ ಕಾಯಿಲೆ ಅನ್ನುವುದು ನಮಗೆ ಮೊದಲು ಗೊತ್ತಾದದ್ದು ಮಧುಮೇಹಿಗಳಿಂದ ಅಲ್ಲ, ಕುಷ್ಠರೋಗಿಗಳಿಂದ. ಅದೂ ನಮ್ಮ ಪಕ್ಕದ ವೆಲ್ಲೂರಿನಲ್ಲಿ. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠ ಬಂದರೆ ಮಾಂಸ ತಾನಾಗಿ ಕೊಳೆತು ಬೆರಳು ಉದುರುತ್ತದೆ ಎಂದು ಜನ ನಂಬಿದ್ದ ಕಾಲ ಅದು. ಬ್ರ್ಯಾಂಡ್ ಒಂದೊಂದು ಗಾಯದ ಕಾರಣವನ್ನೂ ಬೆನ್ನುಹತ್ತಿದರು. ಸಿಕ್ಕಿದ್ದೆಲ್ಲ ದಿನನಿತ್ಯದ ಸಂಗತಿಗಳೇ: ಬಿಸಿ ಪಾತ್ರೆ, ಚಪ್ಪಲಿಯ ಮೊಳೆ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಬೀಳುವ ಭಾರ. ನಮಗೆ ಚಪ್ಪಲಿ ಕಚ್ಚಿದರೆ ಸಂಜೆಯೊಳಗೆ ಕುಂಟುತ್ತೇವೆ, ಆ ಕುಂಟುವಿಕೆಯೇ ಪಾದವನ್ನು ಕಾಪಾಡುತ್ತದೆ. ನೋವು ತಿಳಿಯದವರು ಕುಂಟುವುದಿಲ್ಲ, ಹುಣ್ಣಿನ ಮೇಲೇ ಸಲೀಸಾಗಿ ನಡೆಯುತ್ತಾರೆ. ಹುಣ್ಣಾದ ಕಾಲಿಗೆ ಪ್ಲಾಸ್ಟರ್ ಹಾಕಿ ಭಾರ ಹಂಚಿದಾಗ ಅದೇ ಮಾಂಸ ಮಾಯತೊಡಗಿತು. 1966ರಲ್ಲಿ ಅವರು ಅಮೆರಿಕದ ಲೂಸಿಯಾನಾದ ಕಾರ್ವಿಲ್ ಕುಷ್ಠ ಆಸ್ಪತ್ರೆಗೆ ಹೋದ ಮೇಲೆ ಅದೇ ವಿಧಾನ ಮಧುಮೇಹಿಗಳ ಪಾದಕ್ಕೂ ಬಂತು. ‘ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್’ ಎಂದು ಓದುತ್ತೇವಲ್ಲ, ಅದು ಇದೇ. ಮುಲಾಮು ಎಷ್ಟೇ ಒಳ್ಳೆಯದಿರಲಿ, ಭಾರ ಇಳಿಸದೆ ಅಂಗಾಲಿನ ಹುಣ್ಣು ಮಾಯುವುದು ಕಷ್ಟ.

ಇನ್ನು ಪಾದದ ಪರೀಕ್ಷೆ. ಪ್ರಾಕ್ಟಿಕಲ್‌ನಲ್ಲಿ ಅಂಕ ಹೋಗುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ.

10 ಗ್ರಾಂ ಮೋನೋಫಿಲಮೆಂಟ್ ಅಂದರೆ ಸ್ಪರ್ಶ ಉಳಿದಿದೆಯೇ ಎಂದು ನೋಡಲು ಹಿಡಿಗೆ ಸಿಕ್ಕಿಸಿದ ನೈಲಾನ್ ಎಳೆ. 10 ಗ್ರಾಂ ಒತ್ತಡಕ್ಕೆ ಬಾಗುವಂತೆ ಮಾಡಿರುತ್ತಾರೆ. ಮೊದಲು ರೋಗಿಯ ಕೈಗೆ ಮುಟ್ಟಿಸಿ ‘ಹೀಗೆ ಅನ್ನಿಸುತ್ತೆ’ ಅಂತ ತೋರಿಸಿ. ಆಮೇಲೆ ಕಣ್ಣು ಮುಚ್ಚಿಸಿ ಹೆಬ್ಬೆರಳ ಅಡಿ, ಹೆಬ್ಬೆರಳ ಬುಡ, ಕಿರುಬೆರಳ ಬುಡ, ಈ ಮೂರು ಕಡೆ ನೆಟ್ಟಗೆ ಹಿಡಿದು ಎಳೆ ಬಾಗುವವರೆಗೆ ಒತ್ತಿ. ಆಣಿ, ದಪ್ಪ ಚರ್ಮ, ಹುಣ್ಣಿನ ಮೇಲೆ ಬೇಡ, ಪಕ್ಕಕ್ಕೆ ಒತ್ತಿ. ಒಂದೊಂದು ಜಾಗದಲ್ಲೂ ಎರಡು ಸಲ ನಿಜವಾಗಿ ಮುಟ್ಟಬೇಕು, ಒಂದು ಸಲ ಮುಟ್ಟದೆಯೇ ಕೇಳಬೇಕು. ಮೂರರಲ್ಲಿ ಎರಡು ಉತ್ತರ ಸರಿಯಿದ್ದರೆ ಅಲ್ಲಿ ಸ್ಪರ್ಶವಿದೆ. ಆ ಸುಳ್ಳು ಸರದಿಯನ್ನು ಬಿಡಲೇಬೇಡಿ. ನಮ್ಮ ಜನ ಮರ್ಯಾದಸ್ಥರು, ಸಿಸ್ಟರ್ ‘ಗೊತ್ತಾಗ್ತಾ?’ ಅಂದರೆ ಬೇಜಾರು ಮಾಡಬಾರದು ಅಂತ ‘ಹೂಂ’ ಅಂದುಬಿಡುತ್ತಾರೆ. ಅಂದಹಾಗೆ ಆ ಎಳೆಗೂ ಸುಸ್ತಾಗುತ್ತದೆ. ಹತ್ತು ಜನರಿಗೆ ಬಳಸಿದ ಮೇಲೆ 24 ಗಂಟೆ ಬಿಡುವು ಕೊಡಬೇಕು.

ಎಳೆ ಇಲ್ಲದ ಕಡೆ ಬೆರಳೇ ಸಾಕು. ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯಿಂದ ಬಂದ ಸ್ಪರ್ಶ ಪರೀಕ್ಷೆಯಲ್ಲಿ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಗಳನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು, ಅಷ್ಟೆ. ಒತ್ತಬಾರದು, ಸವರಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ರಕ್ಷಣೆ ಕೊಡುವ ಸ್ಪರ್ಶ ಹೋಗಿದೆ ಎಂದು ಲೆಕ್ಕ. ರಜೆಯಲ್ಲಿ ಊರಿಗೆ ಹೋದಾಗ ನಮ್ಮಜ್ಜಿಗೆ ಮಾಡಿದೆ. ಒಂದು ಕಾಲು ಮುಗಿಸಿ ಇನ್ನೊಂದಕ್ಕೆ ಹೋಗಿದ್ದೆ. ಅಜ್ಜಿ ಕಣ್ಣು ಮುಚ್ಚಿಕೊಂಡೇ ‘ಇನ್ನೂ ಶುರು ಮಾಡ್ಲಿಲ್ವೇನೇ?’ ಅಂದರು.

ರಕ್ತ ಹರಿವಿಗೆ ಪಾದದ ಮೇಲಿನ ನಾಡಿ, ಕಣಕಾಲಿನ ಒಳಬದಿಯ ಗಂಟಿನ ಹಿಂದಿನ ನಾಡಿ, ಎರಡನ್ನೂ ಮುಟ್ಟಿ ನೋಡಿ. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದಾಗ ಬರುವ ಎಬಿಐ (ಆಂಕಲ್-ಬ್ರೇಕಿಯಲ್ ಇಂಡೆಕ್ಸ್) 0.9ಕ್ಕಿಂತ ಕಡಿಮೆಯಿದ್ದರೆ ರಕ್ತನಾಳ ಕಿರಿದಾಗಿದೆ ಎಂದರ್ಥ. ಮಧುಮೇಹಿಗಳಲ್ಲಿ ರಕ್ತನಾಳದ ಗೋಡೆಗೆ ಸುಣ್ಣ ಕಟ್ಟಿ ಎಬಿಐ ಸುಳ್ಳಾಗಿ ಹೆಚ್ಚು ಬರಬಹುದು, ಆದ್ದರಿಂದ ಆ ಅಂಕಿಯೊಂದನ್ನೇ ನಂಬುವ ಹಾಗಿಲ್ಲ.

ಈಗ ಆ ‘ಯಾಕೆ’ಗಳು. ಬಿಸಿನೀರು ಯಾಕೆ ಬೇಡ? ಸುಡುವುದು ಪಾದಕ್ಕೆ ತಿಳಿಯುವುದಿಲ್ಲ, ನೀರನ್ನು ಮೊಣಕೈಯಲ್ಲಿ ಮುಟ್ಟಿ ನೋಡಬೇಕು. ಮಧ್ಯಾಹ್ನದ ದೇವಸ್ಥಾನದ ಕಲ್ಲುಹಾಸಿಗೂ ಇದೇ ಮಾತು. ‘ಪ್ರದಕ್ಷಿಣೆ ಹಾಕಬೇಡಿ’ ಅಂದರೆ ಯಾರೂ ಕೇಳುವುದಿಲ್ಲ, ‘ಬೆಳಗ್ಗೆ ಹೋಗಿ, ಬಂದಮೇಲೆ ಅಂಗಾಲು ನೋಡಿಕೊಳ್ಳಿ’ ಅಂದರೆ ಕೇಳುತ್ತಾರೆ. ಮೆಡಿಕಲ್ ಶಾಪಿನ ಕಾರ್ನ್ ಕ್ಯಾಪ್ ಯಾಕೆ ಬೇಡ? ಅದರಲ್ಲಿರುವುದು ಸ್ಯಾಲಿಸಿಲಿಕ್ ಆಮ್ಲ, ಆಣಿಯ ಜೊತೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ. ಒಡೆದ ಹಿಮ್ಮಡಿಗೆ ಕ್ರೀಮು ಹಚ್ಚಬಹುದು, ಬೆರಳ ಸಂದಿಗೆ ಮಾತ್ರ ಬೇಡ, ಅಲ್ಲಿ ತೇವ ನಿಂತರೆ ಬೂಷ್ಟು ಹಿಡಿಯುತ್ತದೆ.

ರೋಗಿಗೆ ‘ಚಪ್ಪಲಿ ಕಾಲಿಂದ ಜಾರಿದ್ದು ನಿಮಗೆ ತಿಳಿಯುತ್ತದಾ?’ ಎಂದು ಕೇಳಿ ನೋಡಿ. ಹವಾಯಿ ಚಪ್ಪಲಿ ಎಲ್ಲೋ ಬಿದ್ದುಹೋಗಿ ಮನೆಗೆ ಬಂದ ಮೇಲೆ ಗೊತ್ತಾಯಿತು ಅಂದರೆ ಎಳೆ ತೆಗೆಯುವ ಮೊದಲೇ ಅರ್ಧ ಉತ್ತರ ಸಿಕ್ಕಿದಂತೆ. ಅಂಥವರಿಗೆ ಹಿಂಬದಿ ಪಟ್ಟಿಯಿರುವ, ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲಾರ್) ರಬ್ಬರಿನ ಚಪ್ಪಲಿ ಹೇಳಬೇಕು. ಕುಷ್ಠರೋಗ ಕಾರ್ಯಕ್ರಮದಲ್ಲಿ ಸರ್ಕಾರ ಹಂಚುವುದೂ ಎಂಸಿಆರ್ ಚಪ್ಪಲಿಯನ್ನೇ. ಶೂ ಆದರೆ ಒಳಗಿನ ಉದ್ದ ಪಾದಕ್ಕಿಂತ 1ರಿಂದ 2 ಸೆಂ.ಮೀ. ಹೆಚ್ಚಿರಲಿ, ಹಾಕುವ ಮೊದಲು ಒಳಗೆ ಕೈ ಹಾಕಿ ತಡವಲಿ.

ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಊದಿ, ಕೆಂಪಾಗಿ, ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ ಶಾರ್ಕೊ ಪಾದವನ್ನು, ಅಂದರೆ ನರ ಹಾಳಾದ ಪಾದದ ಮೂಳೆ, ಕೀಲುಗಳು ಕುಸಿಯುವ ಕಾಯಿಲೆಯನ್ನು, ನೆನೆಯಿರಿ. ಮಧುಮೇಹದಲ್ಲಿ ಇದನ್ನು 1936ರಲ್ಲಿ ಜೋರ್ಡನ್ ಎಂಬ ವೈದ್ಯರು ಗುರುತಿಸಿದ್ದು. ಉಳುಕು, ಸೋಂಕು ಅಂತ ಬಿಟ್ಟುಬಿಡುವವರೇ ಹೆಚ್ಚು. ಶುರುವಿನಲ್ಲಿ ಎಕ್ಸ್‌ರೇ ಕೂಡ ಸರಿಯಾಗೇ ಕಾಣಬಹುದು. ಆ ಕಾಲನ್ನು ನೆಲಕ್ಕೆ ಊರಲು ಬಿಡದೆ ಅಂದೇ ವೈದ್ಯರಿಗೆ ತೋರಿಸಿ. ಬೆಂಗಳೂರಿನ ಸರ್ಕಾರಿ ಎಂಡೋಕ್ರಿನಾಲಜಿ ಸಂಸ್ಥೆಯಂಥ ಕಡೆ ಪಾದಕ್ಕೆಂದೇ ವಿಭಾಗವಿದೆ, ತಾಲ್ಲೂಕು ಆಸ್ಪತ್ರೆಯಲ್ಲಿ ಆ ಕೆಲಸ ಸರ್ಜನ್ನರದೇ.

ಮತ್ತೆ ಯಾವಾಗ ಬರಹೇಳಬೇಕು? ಸ್ಪರ್ಶ, ನಾಡಿ ಎರಡೂ ಚೆನ್ನಾಗಿದ್ದರೆ ವರ್ಷಕ್ಕೊಮ್ಮೆ. ಒಂದು ಕೆಟ್ಟಿದ್ದರೆ 6ರಿಂದ 12 ತಿಂಗಳಿಗೆ. ಎರಡೂ ಕೆಟ್ಟಿದ್ದರೆ, ಇಲ್ಲವೇ ಒಂದರ ಜೊತೆ ಪಾದದ ಆಕಾರ ಕೆಟ್ಟಿದ್ದರೆ 3ರಿಂದ 6 ತಿಂಗಳು. ಸ್ಪರ್ಶ, ನಾಡಿಗಳಲ್ಲಿ ಒಂದಾದರೂ ಕೆಟ್ಟಿದ್ದು, ಜೊತೆಗೆ ಹಿಂದೆ ಹುಣ್ಣಾಗಿದ್ದರೆ, ಬೆರಳು ತೆಗೆದಿದ್ದರೆ ಅಥವಾ ಮೂತ್ರಪಿಂಡ ಪೂರ್ತಿ ಸೋತಿದ್ದರೆ ಒಂದರಿಂದ ಮೂರು ತಿಂಗಳೊಳಗೆ. ನಮ್ಮಜ್ಜಿಯ ನಾಡಿ ಎರಡೂ ಕಾಲಲ್ಲಿ ಚೆನ್ನಾಗಿದೆ, ಬೆರಳೂ ಬಾಗಿಲ್ಲ. ಮುಂದಿನ ತಪಾಸಣೆ ದೀಪಾವಳಿ ರಜೆಗೆ.