ಡಾಂಬರ್ ಗುಳಿಗೆ ನುಂಗದಿದ್ದರೆ ಪಾಪುಗೆ ಏನೂ ಆಗಲ್ವಾ?

ಚಳಿ ಶುರುವಾಯಿತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ: "ಡಾಂಬರ್ ಗುಳಿಗೆ ಹಾಕಿಟ್ಟಿದ್ದ ಸ್ವೆಟರ್ ಪಾಪುಗೆ ಹಾಕಬಹುದಾ?"

ಒಗೆದು ವಾಸನೆ ಪೂರ್ತಿ ಹೋಗುವವರೆಗೂ ಬೇಡ. ಉತ್ತರ ಇಷ್ಟೇ. ಇಷ್ಟು ಹೇಳಿದ ಕೂಡಲೇ "ನುಂಗಿದರೆ ತಾನೇ ವಿಷ, ಬರೀ ವಾಸನೆಗೆ ಏನಾಗುತ್ತದೆ, ನಾವೆಲ್ಲ ಅದರಲ್ಲೇ ಬೆಳೆದವರಲ್ವಾ" ಅಂತ ಯಾರಾದರೂ ವಾದಕ್ಕೆ ನಿಲ್ಲುತ್ತಾರೆ.

ಸರಿ, ಹೋದ ವರ್ಷ ಸೀರೆ ಮಡಿಕೆಯಲ್ಲಿಟ್ಟ ಗುಳಿಗೆಯನ್ನು ಹುಡುಕಿ ನೋಡಿ. ಗೋಲಿ ಗಾತ್ರದ್ದು ಈಗ ಕಡಲೆಕಾಳಿನಷ್ಟಾಗಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಎಲ್ಲಿಗೆ ಹೋಯಿತು? ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಎಂಬ ರಾಸಾಯನಿಕ ನೀರಾಗದೆ ನೇರವಾಗಿ ಆವಿಯಾಗುತ್ತದೆ, ಒಂದಷ್ಟು ಗಾಳಿಗೆ, ಒಂದಷ್ಟು ಬಟ್ಟೆಯ ಎಳೆಗೆ. ನಿಮ್ಮ ಮೂಗಿಗೆ ಬಡಿಯುವ ವಾಸನೆ ಅಂದರೆ ಆ ಗುಳಿಗೆಯೇ. ಚರ್ಮದಿಂದಲೂ ಅದು ಒಳಗಿಳಿಯುತ್ತದೆ, ಮೈಗೆ ಎಣ್ಣೆ ಹಚ್ಚಿದ್ದರೆ ಇನ್ನೂ ಸಲೀಸು. ಬಾಣಂತಿ ಕೋಣೆಯಲ್ಲಿ ನಾವು ಮಾಡುವುದೇನು? ಪಾಪುಗೆ ಎಣ್ಣೆ ಹಚ್ಚಿ, ನೀರು ಹಾಕಿ, ಟ್ರಂಕಿನಿಂದ ಆಗಷ್ಟೇ ತೆಗೆದ ಉಣ್ಣೆ ಶಾಲು ಸುತ್ತಿ, ಕಿಟಕಿ ಮುಚ್ಚುತ್ತೇವೆ!

1963ರಲ್ಲಿ ಗ್ರೀಸಿನ ವೈದ್ಯರು 21 ಶಿಶುಗಳ ವಿವರ ಪ್ರಕಟಿಸಿದರು. ಗುಳಿಗೆಯ ಆವಿ ಉಸಿರಾಡಿಯೇ ಆ ಮಕ್ಕಳ ರಕ್ತಕಣ ಒಡೆದಿದ್ದವು. ಇಬ್ಬರು ಉಳಿಯಲಿಲ್ಲ.

ನ್ಯಾಫ್ತಲೀನ್ ದೇಹದೊಳಗೆ ನ್ಯಾಫ್ತಾಲ್‌ನಂಥ ವಸ್ತುಗಳಾಗಿ ಬದಲಾಗಿ ಕೆಂಪು ರಕ್ತಕಣದ ಮೇಲೆ ಬೀಳುತ್ತದೆ. ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುವುದು ಇದನ್ನೇ. ತಡೆಯುವ ಕೆಲಸ ಕಣದೊಳಗಿನ ರಕ್ಷಕ ವಸ್ತುವಾದ ಗ್ಲುಟಾಥಯೋನ್‌ದು. ಅದು ಖರ್ಚಾದರೆ ಮತ್ತೆ ಸಜ್ಜು ಮಾಡುವುದಕ್ಕೆ ಜಿ6ಪಿಡಿ ಎಂಬ ಕಿಣ್ವ ಬೇಕು. ಹುಟ್ಟಿನಿಂದಲೇ ಈ ಕಿಣ್ವ ಕಡಿಮೆ ಇರುವವರಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ ಜಾಸ್ತಿ, ಹಿಮೋಗ್ಲೋಬಿನ್ ಕೆಟ್ಟು ಗಂಟುಕಟ್ಟಿ ಕಣವೇ ಒಡೆಯುತ್ತದೆ. ನೀವು ಅದೇ ವಾಸನೆಯಲ್ಲಿ ಬೆಳೆದು ಗಟ್ಟಿಯಾಗಿದ್ದರೆ ಸಂತೋಷ, ಪಕ್ಕದ ಮನೆ ಕೂಸಿಗೆ ಅದು ಗ್ಯಾರಂಟಿ ಅಲ್ಲ. ಹಾಗಂತ "ನಮ್ಮ ವಂಶದಲ್ಲಿ ಆ ತೊಂದರೆ ಇಲ್ಲ" ಅಂತ ನಿರಾಳವಾಗಬೇಡಿ, ಗ್ರೀಸಿನ ಆ ಮಕ್ಕಳಲ್ಲಿ ಎಲ್ಲರಿಗೂ ಕಿಣ್ವದ ಕೊರತೆ ಇರಲಿಲ್ಲ.

ತೊಂದರೆ ಕೂಡಲೇ ಕಾಣುವುದಿಲ್ಲ. ಒಂದೆರಡು ದಿನ ಬಿಟ್ಟು ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿಯಾಗುತ್ತದೆ, ಮಗು ಬಿಳಿಚಿಕೊಂಡು ಹಾಲು ಕುಡಿಯುವುದನ್ನು ಬಿಡುತ್ತದೆ. ಬಿಸಿಲಿಗೆ ಹಿಡಿದು ಕೂರಬೇಡಿ, ಆಸ್ಪತ್ರೆಗೆ ಓಡಿ. ಗುಳಿಗೆ ವಿಷಯ ನೀವಾಗಿಯೇ ಹೇಳಿ.

ಇನ್ನೊಂದನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಮಂಗಳೂರಿನ ಕಡೆಯವರಿಗೆ ಮಲೇರಿಯಾ ಹೊಸದಲ್ಲ. ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಬಂದರೆ 14 ದಿನ ಪ್ರೈಮಾಕ್ವಿನ್ ಕೊಡುತ್ತಾರಲ್ಲ, ಆ ಮಾತ್ರೆಯೂ ಇದೇ ದಾರಿಯಲ್ಲಿ ರಕ್ತಕಣ ಒಡೆಯಬಲ್ಲದು. ಈ ಕಿಣ್ವದ ಕೊರತೆ 1956ರಲ್ಲಿ ಗೊತ್ತಾಗಿದ್ದೇ ಆ ಮಾತ್ರೆಯಿಂದ. ಅದಕ್ಕೇ ಮೊದಲು ಜಿ6ಪಿಡಿ ಪರೀಕ್ಷೆ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ. ರಕ್ತಕಣ ಒಡೆದ ಹೊಸತರಲ್ಲಿ ಮಾಡಿಸಿದರೆ ರಿಪೋರ್ಟ್ ಸುಮ್ನೆ ನಾರ್ಮಲ್ ಅಂತ ಬರಬಹುದು. ಕಿಣ್ವ ಕಡಿಮೆಯಿದ್ದ ಹಳೇ ಕಣಗಳು ಆಗಲೇ ಸತ್ತು, ಉಳಿದ ಎಳೇ ಕಣಗಳಲ್ಲಿ ಅದು ಜಾಸ್ತಿ ಇರುತ್ತದೆ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ.